ಎಮ್ಮೆಯ ಎಡತುದಿಯ ಪೆಡಲ್

ಮಾರ್ಚ್ 2, ಶನಿವಾರ

ಎಮ್ಮೆಗೆ ಮತ್ತೆ ಕಾಯಿಲೆ. ಎಡತುದಿಯ ಪೆಡಲ್ ಗಟ್ಟಿಯಾಗಿದೆ. ನಿನ್ನೆ, ನಾವು ಶುಕ್ರವಾರ ನುಡಿಸುವ ಹೋಟೆಲಿನಲ್ಲಿ, ಎರಡನೇ ಹಾಡಿಗೇ ಗೊತ್ತಾಯಿತು. ತುಳಿದರೆ ಇಳಿಯುತ್ತದೆ, ಆದರೆ ಇಳಿಯುವ ಮೊದಲು ನನ್ನ ಜೊತೆ ವಾದ ಮಾಡುತ್ತದೆ.

ಎಮ್ಮೆ ಎಂದು ಹೆಸರಿಟ್ಟವನು ತಮ್ಮ. ಪೆಡಲ್ ಸ್ಟೀಲ್ ಗಿಟಾರ್ ಎಂದರೇನು ಎಂದು ಜನಕ್ಕೆ ಬಿಡಿಸಿ ಹೇಳುವಷ್ಟರಲ್ಲಿ ಅವನ ಅರ್ಧ ಆಯಸ್ಸು ಕಳೆದಿದೆಯಂತೆ. ಕಪ್ಪು ಮೈ, ನಾಲ್ಕು ಕಾಲು, ಎಬ್ಬಿಸಿದರೆ ಏಳುವುದಿಲ್ಲ, ಬೇರೆ ಏನು ಹೆಸರಿಡಲಿ ಎನ್ನುತ್ತಾನೆ. ಅವನಿಗೇನು, ಮೈಕಿನ ಮುಂದೆ ನಿಂತು ಹಾಡಿದರೆ ಮುಗಿಯಿತು. ನಾನು ಇದನ್ನು ಮೇಜಿನ ಹಾಗೆ ಮುಂದಿಟ್ಟುಕೊಂಡು ಕೂರಬೇಕು. ಬಲಗೈ ಮೀಟಬೇಕು. ಎಡಗೈ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಎಡಪಾದ ಪೆಡಲ್ ತುಳಿದರೆ ಒಳಗಿನ ಸರಳು ತಂತಿಯನ್ನು ಎಳೆದು ಸ್ವರ ಏರಿಸುತ್ತದೆ. ಬಲಪಾದಕ್ಕೆ ಸದ್ದು ಹೆಚ್ಚು ಕಡಿಮೆ ಮಾಡುವ ಕೆಲಸ. ಮಂಡಿಗಳಿಗೂ ಪುರುಸೊತ್ತಿಲ್ಲ, ಅವುಗಳಿಗೊಂದೊಂದು ಲಿವರ್. ಅಪ್ಪ ಕಲಿಸುವಾಗ, "ಇದು ಸಂಸಾರಕ್ಕಿಂತ ಕಷ್ಟ ಕಣಮ್ಮಾ, ಆದರೆ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತೆ," ಎಂದು ಹೇಳುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಇವತ್ತು ಚಾಪೆ ಹಾಸಿಕೊಂಡು ಅದರ ಹೊಟ್ಟೆಯ ಕೆಳಗೆ ಮಲಗಿದೆ. ಹಳೆಯ ಎಣ್ಣೆಗೆ ಧೂಳು ಕೂಡಿ ಡಾಂಬರಾಗಿದೆ. ಹತ್ತಿ ಕಡ್ಡಿಯಿಂದ ಕೆರೆದು ಕೆರೆದು ತೆಗೆದು, ಕೀಲು ಕೀಲಿಗೂ ಒಂದೊಂದು ಹನಿ ಬಿಟ್ಟೆ. ಎದ್ದ ಮೇಲೆ ಸೋಪು ಹಾಕಿ ಕೈ ತೊಳೆದುಕೊಂಡೇ ಬಾರ್ ಮುಟ್ಟಿದ್ದು. ಎಣ್ಣೆ ಕೈಯಲ್ಲಿ ಬಾರ್ ಹಿಡಿದು ಒಮ್ಮೆ ಬೀಳಿಸಿದ್ದಕ್ಕೆ ಅಪ್ಪನಿಂದ ಬೈಸಿಕೊಂಡಿದ್ದೆ. ಬಾರ್ ಬಿದ್ದು ಆದ ಗುಳಿ ಕಿಟಕಿಯ ಕೆಳಗೆ ನೆಲದಲ್ಲಿ ಇನ್ನೂ ಇದೆ.

ಎಣ್ಣೆ ಬಿಟ್ಟ ಮೇಲೆ ಪೆಡಲ್ ಪರವಾಗಿಲ್ಲ ಅನ್ನಿಸಿತು.

ಮಾರ್ಚ್ 10, ಭಾನುವಾರ

ತಮ್ಮ ಬಂದಿದ್ದ. ಅವನ ಗೆಳೆಯ ತನ್ನ ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚುತ್ತಾನಂತೆ. ಮುಚ್ಚುವ ಮೊದಲು, ಜೂನಿನಲ್ಲಿ, ನಮಗೆ ಬಿಟ್ಟುಕೊಡುತ್ತಾನಂತೆ. ಅಪ್ಪ ಕಟ್ಟಿದ ರಾಗವನ್ನು ರೆಕಾರ್ಡ್ ಮಾಡೋಣ ಎಂದ.

ಅಪ್ಪನ ರಾಗಕ್ಕೆ ಮಾತಿಲ್ಲ, ಹೆಸರೂ ಇಲ್ಲ. ಯಾರೂ ಬರೆದಿಟ್ಟಿಲ್ಲ. ಅವರ ಕೈಕಾಲಲ್ಲಿ ಇತ್ತು, ಈಗ ನನ್ನ ಕೈಕಾಲಲ್ಲಿದೆ. ನಡುವೆ ಎರಡು ಸಲ ಬರುವ ಒಂದು ಜಾಗದಲ್ಲಿ ಎಡಪಾದ ಆ ತುದಿಯ ಪೆಡಲನ್ನು ಬಹಳ ನಿಧಾನ ತುಳಿಯಬೇಕು. ವಯಸ್ಸಾದವರು ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಹಾಗೆ ಸ್ವರ ಹತ್ತುತ್ತದೆ. ಬೇಗ ತುಳಿದರೆ ಅದು ಬೇರೆ ಯಾರದೋ ರಾಗ. ಆ ಜಾಗ ಬಂದಾಗ ಅಮ್ಮ ಏನು ಮಾಡುತ್ತಿದ್ದರೂ ಕೈ ನಿಲ್ಲಿಸುತ್ತಾಳೆ.

"ನನ್ನ ಕಣ್ಣಂತೂ ಹೋಯ್ತು. ಕಿವಿ ಇರೋವಾಗ್ಲೇ ಮಾಡಿ ಮುಗಿಸ್ರಪ್ಪಾ," ಅಂದಳು.

ತಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ಒಂದ್ಸಲ ಸರಿಯಾಗಿ ಬಂದ್ಬಿಟ್ರೆ ಸಾಕು. ಆಮೇಲೆ ಎಮ್ಮೆ ಬೇಕಾದ್ರೆ ಸಾಯಲಿ," ಎಂದ. ಬಾಯಿಗೆ ಬಂದದ್ದು ಆಡುವುದು ಅವನ ಹುಟ್ಟುಗುಣ.

ಮಾರ್ಚ್ 30, ಶನಿವಾರ

ನಿನ್ನೆ ವ್ಯಾನಿನಿಂದ ಇಳಿಸುವಾಗ ಎಮ್ಮೆಯ ಪೆಟ್ಟಿಗೆ ನನ್ನ ಕಡೆ ಕೆಳಗೆ ಕುಸಿಯಿತು. ತಮ್ಮನ ಬೆರಳು ಜಜ್ಜಿತು. ಕೂಗಾಡಿದ. ಥಂಡಿಗೋ ಏನೋ ಪೆಟ್ಟಿಗೆಯ ಮರ ನೀರು ಕುಡಿದು ಭಾರವಾಗಿದೆ ಎಂದೆ. "ಮರಕ್ಕೆ ನೀರು ಕುಡಿಸೋಕೆ ಇದೇನು ಗಿಡವಾ?" ಎಂದ. ಮಾತಿಗೆ ಮಾತು ಬೆಳೆದು, ಇಡೀ ಸಂಜೆ ಒಬ್ಬರ ಮುಖ ಒಬ್ಬರು ನೋಡದೆ ನುಡಿಸಿದೆವು. ಊಟಕ್ಕೆ ಬಂದವರು ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು.

ಏಪ್ರಿಲ್ 6, ಶನಿವಾರ

ಅಮ್ಮನ ಕಿವಿಯೂ ಹೋಗುತ್ತಿದೆಯೋ ಏನೋ. ನಾನು ಹಿತ್ತಲಿಂದ ಒಳಗೆ ಬಂದರೆ "ಯಾರು?" ಎಂದು ಕೇಳಿದಳು.

"ಇನ್ಯಾರು ಬರ್ತಾರಮ್ಮ? ನಾನೇ."

"ನೀನಾ? ಬೇರೆ ಯಾರೋ ಬಂದ ಹಾಗೆ ಕೇಳಿಸ್ತು."

ಇಷ್ಟು ವರ್ಷ ನನ್ನ ಹೆಜ್ಜೆಯ ಸದ್ದಿನಿಂದಲೇ ನನಗೆ ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಹೇಳುತ್ತಿದ್ದವಳು. ಬೇಜಾರಾಯಿತು. ಸ್ಟುಡಿಯೋದವನು ಜೂನಿನ ತನಕ ಕಾಯಿಸದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 14, ಭಾನುವಾರ

ಹೊಲಿಗೆ ಯಂತ್ರಕ್ಕೂ ಅದೇ ರೋಗ. ತುಳಿದು ತುಳಿದು ಸಾಕಾಯಿತು. ಪಕ್ಕದ ಮನೆಯವರ ಪರದೆಗಳು ಹಾಗೇ ಬಿದ್ದಿವೆ. ಈ ವರ್ಷದ ಹವೆಯೇ ಸರಿಯಿಲ್ಲ, ಮನೆಯಲ್ಲಿರುವ ಕಬ್ಬಿಣವೆಲ್ಲ ಬಿಗಿದುಕೊಳ್ಳುತ್ತಿದೆ. ಒಂದೇ ಎಣ್ಣೆ ಡಬ್ಬಿಯಿಂದ ಎರಡಕ್ಕೂ ಬಿಟ್ಟೆ.

ಏಪ್ರಿಲ್ 27, ಶನಿವಾರ

ಎಣ್ಣೆಯಿಂದ ಇನ್ನು ಆಗದು. ಧೈರ್ಯ ಮಾಡಿ ಸ್ಪ್ರಿಂಗುಗಳಿಗೆ ಕೈ ಹಾಕಿದೆ.

ಪೆಡಲಿನಿಂದ ಕಾಲು ತೆಗೆದಾಗ ತಂತಿಯನ್ನು ಮತ್ತೆ ಅದರ ಜಾಗಕ್ಕೆ ಎಳೆದು ತರುವ ಸ್ಪ್ರಿಂಗುಗಳಿವು. ಅಪ್ಪ ಇವುಗಳ ತಿರುಪಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದಾರೆ, ಇಲ್ಲಿಂದ ಅಲುಗಾಡಿಸಬಾರದು ಎಂಬ ಗುರುತಿಗೆ. ಅವರಿದ್ದಾಗ ಯಾರೂ ಮುಟ್ಟಿರಲಿಲ್ಲ. ನಾನು ಒಂದೊಂದೇ ಸುತ್ತು ಸಡಿಲಿಸುತ್ತಾ ಹೋದೆ. ಕೆಳಗೆ ಮಲಗಿಕೊಂಡು ಕೈಯಿಂದ ತಳ್ಳಿ ನೋಡಿದರೆ ಹಗುರವಾಗಿಯೇ ಇಳಿಯುತ್ತದೆ. ಎದ್ದು ಕೂತು ಕಾಲಿನಿಂದ ತುಳಿದರೆ ಮತ್ತೆ ಗಟ್ಟಿ. ಭಲೇ ಮಾಯಾವಿ ಎಮ್ಮೆ! ನಾನು ಎದ್ದ ತಕ್ಷಣ ಬುದ್ಧಿ ಬದಲಾಯಿಸುತ್ತದೆ.

ಇನ್ನೂ ಎರಡು ಸುತ್ತು ಸಡಿಲಿಸಿದೆ. ಕೆಂಪು ಚುಕ್ಕೆ ಹಿಂದಕ್ಕೆ ಹೋಗಿ ಕಾಣದಾಯಿತು. ಅಪ್ಪ ಇದ್ದಿದ್ದರೆ ಒಂದು ವಾರ ಮಾತು ಬಿಡುತ್ತಿದ್ದರು.

ಮೇ 11, ಶನಿವಾರ

ನಿನ್ನೆ ಮರ್ಯಾದೆ ಹೋಯಿತು. ತುಳಿದು ಬಿಟ್ಟ ಮೇಲೆ ತಂತಿ ಪೂರ್ತಿ ಹಿಂದಕ್ಕೆ ಬರಲಿಲ್ಲ. ಕೂದಲೆಳೆಯಷ್ಟು ಮೇಲೆಯೇ ನಿಂತಿತು. ತಮ್ಮನ ಸ್ವರ ಒಂದು ಕಡೆ, ನನ್ನದು ಒಂದು ಕಡೆ. ಹಾಡುತ್ತಲೇ ತಿರುಗಿ ನನ್ನನ್ನು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ, ಅದೇ ಹಿಡಿಸಲಿಲ್ಲ.

ಇಳಿಯುವಾಗ ವೇದಿಕೆಯ ಮೆಟ್ಟಿಲಿಗೆ ಎಡವಿದೆ. ಹೋಟೆಲಿನವರು ಹೊಸ ಜಮಖಾನ ಹಾಸಿದ್ದಾರೆ, ಒಂದು ಬೆರಳು ದಪ್ಪ. ಮ್ಯಾನೇಜರಿಗೆ ಹೇಳಿದೆ. ಜಮಖಾನ ಹಳೆಯದೇ ಅಮ್ಮಾ ಎಂದ. ಅವನಿಗೆ ತನ್ನ ಹೋಟೆಲಿನಲ್ಲಿ ಏನಿದೆ ಎಂದೇ ಗೊತ್ತಿಲ್ಲ.

ಮೇ 19, ಭಾನುವಾರ

ಸ್ಪ್ರಿಂಗು ಬಿಗಿದರೆ ಪೆಡಲ್ ಇಳಿಯುವುದಿಲ್ಲ, ಸಡಿಲಿಸಿದರೆ ತಂತಿ ವಾಪಸ್ಸು ಬರುವುದಿಲ್ಲ. ಇವತ್ತು ಇನ್ನೊಂದು ಉಪಾಯ ಮಾಡಿದೆ. ತಂತಿ ಎಳೆಯುವ ಸರಳಿನ ಕೊಕ್ಕೆಯನ್ನು ಅದರ ತೂತಿನಿಂದ ಬಿಡಿಸಿ ಒಳಗಿನ ತೂತಿಗೆ ಸಿಕ್ಕಿಸಿದೆ. ಹೀಗೆ ಮಾಡಿದರೆ ಬಲ ಕಡಿಮೆ ಸಾಕು, ಆದರೆ ಪೆಡಲ್ ಹೆಚ್ಚು ಆಳಕ್ಕೆ ಹೋಗಬೇಕು. ಆಳಕ್ಕೆ ಹೋಗಲಿ. ಸ್ಟೂಲಿನ ಕಾಲಿಗೆ ಹಲಗೆ ಇಟ್ಟು ಎತ್ತರಿಸಿದೆ, ಮೈ ಭಾರವೂ ಕಾಲಿಗೆ ಸಿಗಲಿ ಎಂದು.

ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಆ ಜಾಗದಲ್ಲಿ ಅವಸರ ಮಾಡ್ತಿದೀಯಲ್ಲೇ," ಎಂದಳು.

ಅವಸರ ಮಾಡುತ್ತಿಲ್ಲ. ನಿಧಾನವಾಗಿ ತುಳಿದರೆ ನಡುವೆ ಕಾಲು ನಡುಗುತ್ತದೆ, ಸ್ವರವೂ ನಡುಗುತ್ತದೆ. ಅದಕ್ಕೇ ಒಂದೇ ಏಟಿಗೆ ಒತ್ತಿಬಿಡುತ್ತಿದ್ದೇನೆ. ಪೆಡಲ್ ಸರಿಹೋಗುವ ತನಕ ಅಷ್ಟೇ.

ಮೇ 26, ಭಾನುವಾರ

ಎಡಗಾಲಿನ ಚಪ್ಪಲಿ ಬೀದಿಯಲ್ಲಿ ಕಳಚಿಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಹಣ್ಣಿನವಳು ಕೂಗಿ ಕರೆದು ಕೊಟ್ಟಳು. "ಯಾವ ಲೋಕದಲ್ಲಿದೀರಾ?" ಎಂದು ನಕ್ಕಳು. ನಾನೂ ನಕ್ಕೆ. ತಲೆ ತುಂಬ ಎಮ್ಮೆಯೇ ಇದ್ದರೆ ಇನ್ನೇನಾಗುತ್ತದೆ.

ಜೂನ್ 8, ಶನಿವಾರ

ಏನೂ ಆಗಲಿಲ್ಲ. ಇಡೀ ದಿನ ಸ್ಟುಡಿಯೋದಲ್ಲಿ ಕೂತು ಏನೂ ಆಗಲಿಲ್ಲ.

ಕಿಟಕಿ ಇಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು ಹೊಡೆದಿದ್ದರು. ಅಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ಮೊದಲ ಭಾಗ ಚೆನ್ನಾಗಿಯೇ ಬಂತು. ಆ ಜಾಗಕ್ಕೆ ಬಂದಾಗಲೆಲ್ಲ ಒಂದೋ ಸ್ವರ ಮೇಲೇರುವುದಿಲ್ಲ, ಏರಿದರೆ ಇಳಿಯುವುದಿಲ್ಲ. ಮತ್ತೆ ಮತ್ತೆ, ಮತ್ತೆ ಮತ್ತೆ. ತಮ್ಮನ ಗೆಳೆಯ ಗಾಜಿನ ಆಚೆ ಕೂತು ಪ್ರತಿ ಸಲವೂ "ಇನ್ನೊಂದ್ಸಲ ಅಕ್ಕ, ಏನೂ ತೊಂದ್ರೆ ಇಲ್ಲ," ಎನ್ನುತ್ತಿದ್ದ. ಅವನ ಮರ್ಯಾದೆಯಿಂದ ನನ್ನ ಮೈ ಉರಿಯಿತು.

ಕೊನೆಗೆ ತಮ್ಮನ ಮೇಲೆ ಹರಿಹಾಯ್ದೆ. ವ್ಯಾನಿನಲ್ಲಿ ಹಾಕುವಾಗ ಎತ್ತಿ ಎಸೆದು ಸರಳುಗಳನ್ನು ಬಾಗಿಸಿದವನು ನೀನೇ ಎಂದೆ. ನಲವತ್ತು ದಾಟಿದವನು, ಮಕ್ಕಳ ಹಾಗೆ ಸುಮ್ಮನೆ ತಲೆ ತಗ್ಗಿಸಿ ನಿಂತ. ಅವನು ತಿರುಗಿ ಬೈದಿದ್ದರೆ ಚೆನ್ನಾಗಿತ್ತು.

ಗೆಳೆಯ ಇನ್ನೊಂದು ದಿನ ಕೊಡುತ್ತಾನಂತೆ, ತಿಂಗಳ ಕೊನೆಗೆ. ಅದು ತಪ್ಪಿದರೆ ಇಲ್ಲ.

ಜೂನ್ 9, ಭಾನುವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ಇದನ್ನೂ ಬೇರೆ ಥರ ಮಾಡಿಕೊಳ್ಳುತ್ತೇನೆ.

ಬೆಳಗ್ಗೆಯಿಂದ ಅದರ ಕೆಳಗೇ ಇದ್ದೆ. ಅಮ್ಮ ಗೋಡೆ ಹಿಡಿದುಕೊಂಡು ಬಂದು ಕೂತಳು.

"ಯಾಕೇ ಅದರ ಜೊತೆ ಗುದ್ದಾಡ್ತೀಯ?"

"ಕಲ್ಲಾಗಿದೆ ಅಮ್ಮ. ಹೇಳಿದ್ರೆ ನಿಂಗೆ ಅರ್ಥ ಆಗಲ್ಲ."

"ಅರ್ಥ ಮಾಡಿಸು."

ನನಗೆ ರೇಗಿತು. "ಬಾ ಹಾಗಾದ್ರೆ, ನೀನೇ ತುಳಿದು ನೋಡು," ಎಂದೆ. ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದೆ. ಜನ್ಮದಲ್ಲಿ ಅವಳು ಆ ಸ್ಟೂಲಿನ ಮೇಲೆ ಕೂತಿರಲಿಲ್ಲ. ನಾನೇ ನೆಲದ ಮೇಲೆ ಕೂತು ಅವಳ ಎಡಗಾಲು ಎತ್ತಿ ಪೆಡಲಿನ ಮೇಲಿಟ್ಟೆ. ಆ ಕಾಲಿನಲ್ಲಿ ಏನಿದೆ, ಬರೀ ಮೂಳೆ, ಒಡೆದ ಹಿಮ್ಮಡಿ. ಕೈ ಚಾಚಿ ತಂತಿ ಮೀಟಿ, "ಈಗ ತುಳಿ," ಎಂದೆ.

ತುಳಿದಳು. ಸ್ವರ ಏರಿತು. ಎಲ್ಲೂ ನಡುಗದೆ, ನಿಧಾನವಾಗಿ, ಪೂರ್ತಿ ಮೇಲಕ್ಕೆ.

ಕಾಲು ತೆಗೆದು ಇನ್ನೊಮ್ಮೆ ತುಳಿದಳು. ಮತ್ತೆ ಏರಿತು.

"ಇದಾ ಕಲ್ಲು? ಮೆತ್ತಗಿದೆಯಲ್ಲೇ," ಎಂದಳು. ಮುಖದಲ್ಲಿ ನಗು ಇತ್ತು. ನಾನು ಅವಳ ಕಾಲನ್ನು ಪೆಡಲಿನಿಂದ ಇಳಿಸಿದೆ. ನಗು ಹೋಯಿತು. ಕೈಯಿಂದ ತಡಕಾಡಿ ನನ್ನ ಭುಜ ಹಿಡಿದಳು. "ಎಲ್ಲಿ, ನಿನ್ನ ಕಾಲು ಕೊಡು."

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎರಡೂ ಕಾಲು ಅವಳ ಮಡಿಲಲ್ಲಿಟ್ಟೆ. ಮೀನಖಂಡವನ್ನು ಒತ್ತಿ ನೋಡಿದಳು, ಬಲಗಡೆ ಒಮ್ಮೆ, ಎಡಗಡೆ ಒಮ್ಮೆ. ಎಡಗಡೆಯದನ್ನು ಅವಳ ಬೆರಳುಗಳು ಪೂರ್ತಿ ಸುತ್ತಿಕೊಂಡವು.

"ಮನೇಲಿ ಬೇರೆ ಯಾರೋ ನಡೀತಿದಾರೆ ಅಂತ ನಾನು ಹೇಳ್ತಾನೇ ಇದ್ದೆ," ಎಂದಳು.

ಜೂನ್ 13, ಗುರುವಾರ

ಆಸ್ಪತ್ರೆ. ಪರೀಕ್ಷೆ. ಸೂಜಿ ಚುಚ್ಚಿ ನರ ನೋಡಿದರು. ತಮ್ಮ ಜೊತೆಗಿದ್ದ.

ಜೂನ್ 21, ಶುಕ್ರವಾರ

ಡಾಕ್ಟರಮ್ಮ ಒಳ್ಳೆಯವರು. ಕಾಯಿಲೆಯ ಹೆಸರನ್ನು ಎರಡು ಸಲ ಹೇಳಿದರು. ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಸ್ನಾಯುಗಳನ್ನು ನಡೆಸುವ ನರಗಳು ಒಂದೊಂದಾಗಿ ಸಾಯುತ್ತವಂತೆ.

"ಎಡಗಾಲಿಗಷ್ಟೇ ತಾನೇ?" ಎಂದು ಕೇಳಿದೆ.

"ಅಲ್ಲಿಂದ ಶುರುವಾಗಿದೆ," ಎಂದರು. ಫೈಲು ಮುಚ್ಚಿಟ್ಟು, "ಅಲ್ಲೇ ನಿಲ್ಲೋದಿಲ್ಲಮ್ಮ," ಎಂದರು.

"ಔಷಧ?"

"ಸ್ವಲ್ಪ ನಿಧಾನ ಮಾಡಬಹುದು."

ಹೊರಗೆ ವ್ಯಾನಿನಲ್ಲಿ ತಮ್ಮ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ. ಹಾಡುವವನ ಅಳು, ಕಿಟಕಿ ಗಾಜು ಏರಿಸಿದ್ದರೂ ಜನ ತಿರುಗಿ ನೋಡಿದರು. ಸಾಕು ಬಿಡೋ, ಅಮ್ಮನಿಗೆ ಏನು ಹೇಳುವುದು ಯೋಚಿಸು ಎಂದೆ. ಮನೆಯಲ್ಲಿ ಅಮ್ಮ ಕಾಯುತ್ತಾ ಕೂತಿದ್ದಳು. ನಾನು ಒಳಗೆ ನಡೆದುಬರುವ ಸದ್ದನ್ನು ಬಾಗಿಲಿನಿಂದ ಕುರ್ಚಿಯವರೆಗೆ ಕೇಳಿಸಿಕೊಂಡಳು, ಅಷ್ಟೇ.

ನನಗೆ ಭಯವಾಗುತ್ತಿದೆ. ಸಾಯುವುದಕ್ಕಿಂತ, ಅಮ್ಮನನ್ನು ಯಾರು ಎತ್ತಿ ಕೂರಿಸುತ್ತಾರೆ ಎಂದು. ಆಮೇಲೆ ನನ್ನನ್ನು ಯಾರು ಎತ್ತುತ್ತಾರೆ ಎಂದು.

ಜೂನ್ 23, ಭಾನುವಾರ

ಎಮ್ಮೆಯ ಕೆಳಗೆ ಮಲಗಲು ತಮ್ಮ ಕೈ ಆಸರೆ ಕೊಟ್ಟ. ಕೆಳಗೆ ಹೋದ ಮೇಲೆ ಕೆಲಸ ಸುಲಭ, ಅಲ್ಲಿ ಕಾಲು ಬೇಡ.

ನಾನು ಮಾಡಿದ್ದನ್ನೆಲ್ಲ ತಿರುಗಿ ಕಟ್ಟಿದೆ. ಸರಳಿನ ಕೊಕ್ಕೆಯನ್ನು ಅದರ ಹಳೆಯ ತೂತಿಗೆ ಸಿಕ್ಕಿಸಿದೆ. ಸ್ಪ್ರಿಂಗುಗಳನ್ನು ಬಿಗಿದೆ, ಒಂದೊಂದೇ ಸುತ್ತು, ಅಪ್ಪನ ಕೆಂಪು ಚುಕ್ಕೆ ಮತ್ತೆ ಮುಂದೆ ಬಂದು ನಿಲ್ಲುವ ತನಕ. ಪಾಪ, ಈ ಎಮ್ಮೆ ಏನು ತಪ್ಪು ಮಾಡಿತ್ತು? ಮೂರು ತಿಂಗಳು ಅದರ ಹೊಟ್ಟೆ ಕುಯ್ದು ಹಿಂಸೆ ಕೊಟ್ಟೆ. ಸ್ಟೂಲಿನ ಕೆಳಗಿನ ಹಲಗೆ ತೆಗೆಸಿದೆ.

ತಮ್ಮ ಕೂತು ಕೈಯಿಂದ ಪೆಡಲ್ ಒತ್ತಿ ನೋಡಿದ. ಸ್ವರ ಏರಿತು, ಇಳಿದು ಸರಿಯಾಗಿ ತನ್ನ ಜಾಗಕ್ಕೆ ಬಂತು. "ಚೆನ್ನಾಗಿದೆ ಅಕ್ಕ," ಎಂದ. ಅವನು ಎಮ್ಮೆಯನ್ನು ಹೊಗಳಿದ್ದು ಅದೇ ಮೊದಲ ಸಲ.

ಜೂನ್ 29, ಶನಿವಾರ

ಸ್ಟುಡಿಯೋ ಅರ್ಧ ಖಾಲಿಯಾಗಿತ್ತು. ಗೋಡೆಯ ಸ್ಪಂಜನ್ನು ಕಿತ್ತು ಮೂಲೆಗೆ ಹಾಕಿದ್ದರು.

ಉಪಾಯ ತಮ್ಮನದು. ಅವನು ಎಮ್ಮೆಯ ಕೆಳಗೆ ಮಲಗಿ ಪೆಡಲನ್ನು ಕೈಯಿಂದ ಒತ್ತುವುದು. ಆದರೆ ಯಾವಾಗ ಒತ್ತಬೇಕು, ಎಷ್ಟು ನಿಧಾನ ಒತ್ತಬೇಕು? ನಾನು ಬಾಯಲ್ಲಿ ಹೇಳಿದರೆ ಮೈಕು ಹಿಡಿದುಕೊಳ್ಳುತ್ತದೆ. ತಲೆಯಾಡಿಸಿದರೆ ಕೆಳಗೆ ಅವನಿಗೆ ಕಾಣುವುದಿಲ್ಲ. ಲೆಕ್ಕ ಹಾಕಿ ಒತ್ತೋ ಎಂದರೆ, ಹಾಡುಗಾರನಾಗಿಯೂ ತಾಳ ಲೆಕ್ಕ ಹಾಕಲು ಬಾರದ ಪ್ರಾಣಿ ಅವನು. ಹಾಡುವಾಗ ಅವನಿಗೆ ತಾಳ ಹೇಗೋ ಬರುತ್ತದೆ, ಎಣಿಸು ಎಂದರೆ ಹೋಯಿತು.

ಕೊನೆಗೆ ಅವನೇ, "ಅಕ್ಕ, ನಿನ್ನ ಕಾಲು ನನ್ನ ಕೈ ಮೇಲಿಡು," ಎಂದ.

"ಕಾಲಲ್ಲಿ ಏನೂ ಇಲ್ಲವಲ್ಲೋ."

"ಇರೋಷ್ಟು ಸಾಕು. ನೀನು ಯಾವತ್ತಿನ ಹಾಗೆ ತುಳಿ."

ಅವನ ಅಂಗೈ ಪೆಡಲಿನ ಮೇಲೆ. ಅದರ ಮೇಲೆ ನನ್ನ ಬರಿಗಾಲು. ಆ ಜಾಗ ಬಂದಾಗ ತುಳಿದೆ. ತುಳಿದೆ ಎನ್ನುವುದಕ್ಕಿಂತ ತುಳಿಯಬೇಕೆಂದುಕೊಂಡೆ. ಕಾಲು ಸ್ವಲ್ಪ ಅಲುಗಿರಬೇಕು. ಕೆಳಗೆ ಅವನ ಕೈ ಅದನ್ನು ಹಿಡಿದುಕೊಂಡು ಮುಂದಕ್ಕೆ ಒಯ್ದಿತು. ಸ್ವರ ಮೆಟ್ಟಿಲು ಹತ್ತಿತು. ಎರಡನೆಯ ಸಲ ಆ ಜಾಗ ಬಂದಾಗಲೂ ಹತ್ತಿತು. ನನ್ನ ಎಡಗೈಯಲ್ಲಿ ಬಾರ್ ಸರಿಯಾದ ಜಾಗದಲ್ಲಿತ್ತು. ಇಡೀ ರಾಗ ಒಂದೇ ಸಲಕ್ಕೆ ಮುಗಿಯಿತು.

ಗಾಜಿನ ಆಚೆಯವನು ಇನ್ನೊಂದ್ಸಲ ಎನ್ನಲಿಲ್ಲ. ತಮ್ಮ ಕೆಳಗಿನಿಂದ ಹೊರಗೆ ಬರದೆ ಹಾಗೇ ಮಲಗಿದ್ದ. ನಾನೂ ಕಾಲು ತೆಗೆಯಲಿಲ್ಲ.

ಜುಲೈ 7, ಭಾನುವಾರ

ಅಮ್ಮನಿಗೆ ಕೇಳಿಸಿದೆವು. ಮೊದಲು ಕೇಳುವಾಗ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು. ಎರಡನೆಯ ಸಲವೂ ಹಾಕಿಸಿಕೊಂಡಳು. ತಮ್ಮ ಅವಳ ಮುಖವನ್ನೇ ನೋಡುತ್ತಾ ಕೂತಿದ್ದ, ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ.

"ಎರಡನೇ ಸಲ ಹತ್ತುವಾಗ ಚೂರು ತಡವಾಯ್ತು," ಎಂದಳು.

"ಅದು ಅವನ ಕೈ," ಎಂದೆ ನಾನು.

"ಗೊತ್ತಾಯ್ತು," ಎಂದಳು ಅಮ್ಮ. "ಮೊದಲಿಂದ್ಲೂ ಅವನು ಸೋಮಾರಿ."

ಮೂವರೂ ನಕ್ಕೆವು. ಆಮೇಲೆ ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಕೂತಿದ್ದಳು.

ಶುಕ್ರವಾರದ ಹೋಟೆಲ್ ಬಿಟ್ಟಾಯಿತು. ತಮ್ಮ ಎಮ್ಮೆಯನ್ನು ತನ್ನ ಮನೆಗೆ ಒಯ್ಯುತ್ತೇನೆ, ನಿನಗೆ ಜಾಗವಾಗುತ್ತೆ ಎಂದ. ಬೇಡ ಎಂದೆ. ಪೆಡಲ್ ಇಲ್ಲದೆ ನುಡಿಸಲು ಎಷ್ಟೋ ಇದೆ. ಕೈಗಳಿವೆಯಲ್ಲ.

ಜುಲೈ 18, ಗುರುವಾರ

ಬೆಳಗ್ಗೆ ತಂತಿಗಳನ್ನೆಲ್ಲ ಒರೆಸಿ, ಶ್ರುತಿ ಮಾಡಿ, ಕಿಟಕಿಯ ಹತ್ತಿರ ನುಡಿಸುತ್ತಾ ಕೂತಿದ್ದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬಾರ್ ಎಡಗೈಯಿಂದ ಜಾರಿ ನೆಲಕ್ಕೆ ಬಿತ್ತು. ಹಳೆಯ ಗುಳಿಯ ಪಕ್ಕದಲ್ಲೇ ಇನ್ನೊಂದು ಗುಳಿ.

ಅಮ್ಮನ ಕೈ ನಿಂತಿತು. "ಎಣ್ಣೆ ಕೈಯಾ?" ಎಂದು ಕೇಳಿದಳು.

"ಹೂಂ ಅಮ್ಮ," ಎಂದೆ.

ಎಣ್ಣೆ ಡಬ್ಬಿಯನ್ನು ಈ ವಾರ ಮುಟ್ಟಿಯೇ ಇಲ್ಲ.